ಅಬುಧಾಬಿಯಲ್ಲಿ ಕುಳಿತು ಮಲ್ಪೆಯ ಕೊಲೆಯನ್ನು ಬರೆದ ಬಗೆ

ನಾನು ಹುಟ್ಟಿ ಬೆಳೆದದ್ದು ಉಡುಪಿಯ ಕಡಿಯಾಳಿಯಲ್ಲಿ. 2004ರಿಂದ ಅಬುಧಾಬಿಯ ನಿರ್ಮಾಣ ಸಂಸ್ಥೆಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆಗಿದ್ದೇನೆ. ಯಾವ ನಕಾಶೆಯ ಎಷ್ಟನೆಯ ಪರಿಷ್ಕರಣೆ ಯಾವ ದಿನ ಯಾರ ಕೈ ಸೇರಿತು ಎಂಬುದರ ದಾಖಲೆ ಇಡುವುದು ನನ್ನ ಉದ್ಯೋಗ. ಬೆಳಗಿನ ನಾಲ್ಕೂವರೆಯಿಂದ ಆರೂವರೆಯ ತನಕ ಮಾತ್ರ ನನ್ನ ಬರವಣಿಗೆ. ಆ ಎರಡು ಗಂಟೆಗಳಲ್ಲಿ ಇದುವರೆಗೆ ಮೂರು ಪತ್ತೇದಾರಿ ಕಾದಂಬರಿಗಳನ್ನು ಮುಗಿಸಿದ್ದೇನೆ, ಮೂರೂ ಉಡುಪಿ ಮತ್ತು ಮಂಗಳೂರಿನ ನಡುವೆಯೇ ನಡೆಯುತ್ತವೆ. ಪರದೇಶದಲ್ಲಿ ಕುಳಿತು ಊರಿನ ಅಪರಾಧವನ್ನು ಬರೆಯುವುದು ಹೇಗೆ ಎಂದು ಕೇಳುವವರಿಗೆ ಉತ್ತರಿಸಬೇಕಾದರೆ ಮೊದಲ ಕಾದಂಬರಿಯಲ್ಲಿ ನಾನು ಮಾಡಿದ ತಪ್ಪಿನಿಂದಲೇ ಆರಂಭಿಸಬೇಕು.

ಆ ಕಾದಂಬರಿ 2016ರಲ್ಲಿ ಅಚ್ಚಾಯಿತು. ಜುಲೈ ತಿಂಗಳ ನಡುವಿನ ಒಂದು ರಾತ್ರಿ ಮಲ್ಪೆಯಿಂದ ಹೊರಟ ಪರ್ಸೀನ್ ಬೋಟಿನ ದೊಡ್ಡ ಸುತ್ತುಬಲೆಗೆ ಹೆಣವೊಂದು ಸಿಗುವುದು ಅದರ ಆರಂಭ. ಯಾರ ಮೇಲೆ ಎಲ್ಲರಿಗೂ ಸಂಶಯವಿತ್ತೋ ಆ ತಂಡೇಲನು, ಎಂದರೆ ಬೋಟು ನಡೆಸುವವನು, ಕೊಲೆಯ ಹೊತ್ತಿಗೆ ಇಪ್ಪತ್ತೈದು ಜನರೊಂದಿಗೆ ಕಡಲಿನಲ್ಲಿದ್ದನು ಎಂಬ ಒಂದೇ ಸಂಗತಿಯ ಮೇಲೆ ಇಡೀ ಕಥೆ ನಿಂತಿತ್ತು. ಬೆಂಗಳೂರಿನ ಪ್ರಕಾಶಕರಿಗಾಗಲಿ, ಕರಡು ತಿದ್ದಿದವರಿಗಾಗಲಿ, ನನಗಾಗಲಿ ಅದರಲ್ಲಿ ಯಾವ ದೋಷವೂ ಕಾಣಲಿಲ್ಲ. ಮರುವರ್ಷ ಏಪ್ರಿಲ್‌ನಲ್ಲಿ ಊರಿಗೆ ಹೋದಾಗ, ಪುಸ್ತಕ ಓದಿದ್ದ ಬೋಟು ಮಾಲಕರೊಬ್ಬರು ಮಲ್ಪೆ ಬಂದರಿನಲ್ಲಿ ಸಿಕ್ಕಿ, ಬಹಳ ಪ್ರೀತಿಯಿಂದಲೇ ಕೇಳಿದರು: "ಕಥೆ ಒಳ್ಳೆದುಂಟು ಅಕ್ಕ. ಆದರೆ ಜುಲೈಯಲ್ಲಿ ನಿಮ್ಮ ಬೋಟು ಹೊರಟದ್ದು ಎಲ್ಲಿಂದ ಮಾರಾಯ್ರೆ?"

ಜೂನ್ 1ರಿಂದ ಜುಲೈ 31ರ ತನಕ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಮೀನು ತಿನ್ನುವ ಯಾವ ಮನೆಯ ಮಗುವಿಗೂ ಗೊತ್ತಿರುವ ವಿಷಯವಿದು. ನಮ್ಮದು ಮೀನು ತಿನ್ನದ ಮನೆ. ಜೊತೆಗೆ, ಜುಲೈ ಮತ್ತು ಆಗಸ್ಟ್ ತಿಂಗಳ ರಜೆಯನ್ನು ಶಾಲೆಗೆ ಹೋಗುವ ಮಕ್ಕಳಿರುವ ಸಹೋದ್ಯೋಗಿಗಳಿಗೆ ಬಿಟ್ಟುಕೊಟ್ಟು, ನಾನು ಹನ್ನೆರಡು ವರ್ಷ ಏಪ್ರಿಲ್‌ನಲ್ಲೇ ಊರಿಗೆ ಹೋಗಿ ಬಂದಿದ್ದೆ. ಮಲ್ಪೆಯ ಓಣಿಗಳು, ಬಸ್ಸು ತಿರುಗುವ ಜಾಗ, ಬಂದರಿನ ವಾಸನೆ, ಎಲ್ಲವೂ ನನಗೆ ನೆನಪಿದ್ದವು. ಯಾವ ತಿಂಗಳಲ್ಲಿ ಅಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಅಪರಾಧದ ಕಥೆಯಲ್ಲಾದರೋ 'ಎಲ್ಲಿ' ಎಂಬುದಕ್ಕಿಂತ 'ಯಾವಾಗ' ಎಂಬುದರ ಮೇಲೆಯೇ ಹೆಚ್ಚಿನ ಭಾರ ಬೀಳುತ್ತದೆ.

ಎರಡನೆಯ ಮುದ್ರಣದ ಅವಕಾಶ ಬಂದಾಗ ಜುಲೈಯನ್ನು ಅಕ್ಟೋಬರ್ ಮಾಡಿಬಿಡಿ ಎಂದು ಪ್ರಕಾಶಕರು ಸಲಹೆ ಕೊಟ್ಟರು. ನನಗೆ ಮನಸ್ಸು ಒಪ್ಪಲಿಲ್ಲ, ಏಕೆಂದರೆ ಆ ಕಥೆಯ ಜೀವವೇ ಮಳೆಯಲ್ಲಿತ್ತು. ಆ ವರ್ಷ ಮೊದಲ ಬಾರಿಗೆ ಜುಲೈಯಲ್ಲಿ ರಜೆ ಪಡೆದು ಹೋದೆ. ಬಂದರಿನಲ್ಲಿ ಬೋಟುಗಳನ್ನು ಒಂದಕ್ಕೊಂದು ತಾಗಿಸಿ ಸಾಲುಸಾಲಾಗಿ ಕಟ್ಟಿ ಹಾಕಿದ್ದರು. ದಡದ ಬೋಟಿಗೆ ಹತ್ತಿದವರು ನೀರು ಮುಟ್ಟದೆ ಕೊನೆಯ ಬೋಟಿನ ತನಕ ನಡೆದುಹೋಗಬಹುದಿತ್ತು. ದುಡಿಯುವವರೆಲ್ಲ ಉತ್ತರ ಕನ್ನಡಕ್ಕೆ, ಒಡಿಶಾಕ್ಕೆ, ಅವರವರ ಊರಿಗೆ ಮರಳಿದ್ದರು. ಟಾರ್ಪಾಲಿನ ಮೇಲೆ ಬೀಳುವ ಮಳೆಯ ಸದ್ದಿನಲ್ಲಿ ಪಕ್ಕದ ಬೋಟಿನಲ್ಲಿ ಕೂಗಿದರೂ ಕೇಳಿಸುವಂತಿರಲಿಲ್ಲ. ಅಲ್ಲಿ ನಿಂತಾಗಲೇ ಕಥೆ ಬದಲಾಯಿತು. ತಂಡೇಲ ಕಡಲಿನಲ್ಲಿದ್ದೆ ಎನ್ನುವಂತಿಲ್ಲ. ಬೋಟುಗಳನ್ನು ಕಾಯುತ್ತಿದ್ದವನು, ಮೊದಲ ಮುದ್ರಣದಲ್ಲಿ ಎರಡೇ ಪುಟಗಳಲ್ಲಿ ಬಂದು ಹೋದ ಸಾಕ್ಷಿ, ಈಗ ಕೊಲೆಗಾರನಾದನು.

ಹಾಗಾದರೆ ಹೆಣ ಯಾರಿಗೆ ಸಿಗಬೇಕು? ನಿಷೇಧವಿದ್ದರೂ 10 ಅಶ್ವಶಕ್ತಿಯ ತನಕ ಎಂಜಿನ್ ಇರುವ ದೋಣಿಗಳಿಗೆ ಮತ್ತು ನಾಡದೋಣಿಗಳಿಗೆ ಮಳೆಗಾಲದಲ್ಲಿ ಮೀನು ಹಿಡಿಯಲು ಅವಕಾಶವಿದೆ. ಅವರು ಕಡಲಿನಲ್ಲಿ ತೂಫಾನ್ ಎದ್ದು ಅಡಗುವುದನ್ನೇ ಕಾದಿದ್ದು, ಆಮೇಲೆ ಮೀನಿನ ಗುಂಪನ್ನು ಸುತ್ತುವರಿಯುವ ಮಾಟುಬಲೆ ಹಾಕುತ್ತಾರೆ. ನಮ್ಮ ಕರಾವಳಿಯ ಮಳೆಗಾಲದ ಪ್ರವಾಹ ಸಾಮಾನ್ಯವಾಗಿ ತೆಂಕು ದಿಕ್ಕಿಗೆ ಹರಿಯುವುದರಿಂದ, ಮಲ್ಪೆಯಲ್ಲಿ ನೀರಿಗೆ ಬಿದ್ದ ದೇಹವನ್ನು ಕಾಪುವಿನ ಕಡೆಯ ನಾಡದೋಣಿಯ ಬಲೆಗೆ ಸಿಗಿಸಿದೆ. ಅದರಿಂದ ಪ್ರಕರಣ ಮೊದಲು ದಾಖಲಾಗುವ ಠಾಣೆಯೂ ಬದಲಾಯಿತು, ಎರಡು ಠಾಣೆಗಳ ನಡುವೆ ಕಳೆದುಹೋಗುವ ಒಂದು ದಿನ ಕೊಲೆಗಾರನ ಪಾಲಿಗೆ ಬಂತು. ಈ ತಿದ್ದುಪಡಿಗೆ ಐದು ತಿಂಗಳು ಹಿಡಿಯಿತು. ಇವತ್ತಿಗೂ ನನ್ನ ಬರಹಗಳಲ್ಲಿ ನನಗೆ ಹೆಚ್ಚು ತೃಪ್ತಿ ಕೊಟ್ಟದ್ದು ಈ ಎರಡನೆಯ ಮುದ್ರಣವೇ.

ಠಾಣೆಯೊಳಗಿನ ಸಂಗತಿಗಳಿಗೆ ನನಗಿರುವ ಆಧಾರ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದ ನನ್ನ ಸೋದರಮಾವ. ಅವರು ಯಾವ ಪ್ರಕರಣದ ಗುಟ್ಟನ್ನೂ ನನಗೆ ಹೇಳಿದವರಲ್ಲ, ನಾನು ಕೇಳಿದವಳೂ ಅಲ್ಲ. ನನಗೆ ಬೇಕಾದದ್ದು ಕೆಲಸದ ಕ್ರಮ ಮಾತ್ರ. ನೀರಿನಲ್ಲಿ ಹೆಣ ಸಿಕ್ಕಿದರೆ ಮೊದಲು ಅಸ್ವಾಭಾವಿಕ ಸಾವಿನ ವರದಿ, ಅಂದರೆ ಯುಡಿಆರ್, ದಾಖಲಾಗುತ್ತದೆ, ಶವ ಮಹಜರು ನಡೆಯುತ್ತದೆ, ಕೊಲೆ ಎಂಬ ಮಾತು ಅನೇಕ ಸಲ ಮರಣೋತ್ತರ ಪರೀಕ್ಷೆಯ ನಂತರವೇ ಕಾಗದಕ್ಕೆ ಬರುತ್ತದೆ. ಆರೋಪಿ ಇನ್‌ಸ್ಪೆಕ್ಟರ್ ಮುಂದೆ ತಪ್ಪೊಪ್ಪಿಕೊಳ್ಳುವುದರೊಂದಿಗೆ ನಾನು ಕಥೆ ಮುಗಿಸಿದ್ದನ್ನು ಓದಿ ಮಾವ ಫೋನಿನಲ್ಲಿ ಹೇಳಿದರು: "ಪೊಲೀಸರ ಎದುರು ಒಪ್ಪಿಕೊಂಡದ್ದನ್ನು ಕೋರ್ಟು ಸಾಕ್ಷಿ ಅಂತ ತೆಗೆದುಕೊಳ್ಳುವುದಿಲ್ಲ. ಅವನು ತೋರಿಸಿಕೊಟ್ಟ ಜಾಗದಲ್ಲಿ ಏನಾದರೂ ಸಿಕ್ಕಿತಾ, ಅದನ್ನು ಬರೆ." ಅಂದಿನಿಂದ ನನ್ನ ಕಾದಂಬರಿಗಳ ಕೊನೆಯಲ್ಲಿ ಯಾರೂ ಅಳುತ್ತಾ ತಪ್ಪೊಪ್ಪಿಕೊಳ್ಳುವುದಿಲ್ಲ, ಸಾಕ್ಷಿಗಳಾಗಿ ನಿಂತ ಪಂಚರ ಮುಂದೆ ಒಂದು ವಸ್ತು ನೆಲದಿಂದ ಮೇಲೆ ಬರುತ್ತದೆ. 2024ರ ಜುಲೈ 1ರಂದು ಹೊಸ ಅಪರಾಧ ಕಾನೂನುಗಳು ಜಾರಿಗೆ ಬಂದಾಗ ಮಾವನಿಗಿಂತ ನಾನೇ ಹೆಚ್ಚು ಓದಬೇಕಾಯಿತು. ಜೂನ್ 30ರ ರಾತ್ರಿ ನಡೆದ ಕೊಲೆಗೆ ಹಳೆಯ ಭಾರತೀಯ ದಂಡ ಸಂಹಿತೆಯ 302ನೆಯ ಸೆಕ್ಷನ್, ಮರುದಿನ ನಡೆದದ್ದಕ್ಕೆ ಹೊಸ ಭಾರತೀಯ ನ್ಯಾಯ ಸಂಹಿತೆಯ 103. ಮೂರನೆಯ ಕಾದಂಬರಿಯಲ್ಲಿ ಇದೇ ಕಾರಣಕ್ಕೆ ಸಾವಿನ ಸಮಯವನ್ನು ಮಧ್ಯರಾತ್ರಿಯಿಂದ ದೂರ ಸರಿಸಿದೆ.

ಭಾಷೆಯ ವಿಷಯದಲ್ಲಿ ಮಾತ್ರ ದೂರವಿದ್ದದ್ದು ನನಗೆ ನೆರವಾಯಿತು. ದಿನವೂ ರಾತ್ರಿ ಅಮ್ಮನೊಂದಿಗೆ ತುಳುವಿನಲ್ಲಿ ಮಾತನಾಡುತ್ತೇನೆ. ಊರಿನಲ್ಲಿದ್ದಾಗ ಕಿವಿಗೆ ಬೀಳದಿದ್ದ ಶಬ್ದಗಳು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸುತ್ತವೆ. ಅಮ್ಮ ಹದಿನೈದು ದಿನಗಳ ಹಿಂದಿನ ಮದುವೆಗೂ 'ಮುರಾನಿ' ಎನ್ನುತ್ತಾರೆ. ಅದರ ನೇರ ಅರ್ಥ ಮೊನ್ನೆ. ಎರಡನೆಯ ಕಾದಂಬರಿಯಲ್ಲಿ ಇದೇ ಶಬ್ದವನ್ನು ಮುದುಕಿಯೊಬ್ಬಳು ಹೇಳುತ್ತಾಳೆ, ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಪೊಲೀಸರು ಬೆರಳೆಣಿಸಿ ಎರಡು ದಿನ ಹಿಂದಿನ ತಾರೀಕನ್ನು ಹೇಳಿಕೆಯಲ್ಲಿ ಬರೆಯುತ್ತಾರೆ. ತನಿಖೆಯ ಸಮಯದಲ್ಲಿ ಪೊಲೀಸರು ಬರೆದುಕೊಳ್ಳುವ ಇಂಥ ಹೇಳಿಕೆಗೆ ಸಾಕ್ಷಿಯ ಸಹಿ ಪಡೆಯುವಂತಿಲ್ಲ ಎಂಬ ನಿಯಮ ಹಳೆಯ ಕಾನೂನಿನಲ್ಲೂ ಇತ್ತು, ಹೊಸದರಲ್ಲೂ ಇದೆ. ಆದ್ದರಿಂದ ತಾನು ಹೇಳಿದ್ದು ತಾರೀಕಾಗಿ ಮಾರ್ಪಟ್ಟದ್ದು ಅವಳಿಗೆ ತಿಳಿಯುವುದು ನ್ಯಾಯಾಲಯದ ಕಟಕಟೆಯಲ್ಲೇ.

ಹಣದ ಮಾತನ್ನು ಹೆಚ್ಚು ಹೇಳಬೇಕಾಗಿಲ್ಲ. ಸಾವಿರ ಪ್ರತಿ, 160 ರೂಪಾಯಿ ಬೆಲೆ, ಶೇಕಡಾ 10 ಗೌರವಧನ: ಮೊದಲ ಪುಸ್ತಕದಿಂದ ಬರಬೇಕಾದದ್ದು 16,000 ರೂಪಾಯಿ, ಅದರಲ್ಲಿ ಅರ್ಧದಷ್ಟು ಪುಸ್ತಕಗಳ ರೂಪದಲ್ಲೇ ಬಂತು. ಈ ಉದ್ಯೋಗವಿಲ್ಲದಿದ್ದರೆ ನನ್ನಿಂದ ಆ ಐದು ತಿಂಗಳ ತಿದ್ದುಪಡಿ ಸಾಧ್ಯವಾಗುತ್ತಿರಲಿಲ್ಲ ಎಂಬುದನ್ನು ಮರೆಯಲಾರೆ.

ಈಗ ಬರೆಯುತ್ತಿರುವ ನಾಲ್ಕನೆಯ ಕಾದಂಬರಿ ಮಂಗಳೂರಿನ ದಕ್ಕೆಯಲ್ಲಿ, ಎಂದರೆ ಮೀನುಗಾರಿಕೆ ಬಂದರಿನಲ್ಲಿ, ನಿಷೇಧ ಮುಗಿದು ಬೋಟುಗಳು ಹೊರಡುವ ಮೊದಲ ಬೆಳಗಿನಲ್ಲಿ ಆರಂಭವಾಗುತ್ತದೆ. ಆ ಒಂದು ಅಧ್ಯಾಯವನ್ನು ಖಾಲಿ ಬಿಟ್ಟು ಉಳಿದವನ್ನು ಬರೆಯುತ್ತಿದ್ದೇನೆ. ಐಸ್ ತುಂಬುವುದು ಎಷ್ಟು ಗಂಟೆಗೆ ಶುರುವಾಗುತ್ತದೆ, ಆ ಹೊತ್ತಿನಲ್ಲಿ ದಕ್ಕೆಯ ದೀಪಗಳ ಬೆಳಕು ನೀರಿನ ಅಂಚಿನ ತನಕ ಬೀಳುತ್ತದೆಯೇ ಎಂಬುದನ್ನು ನೋಡಿಯೇ ಅದನ್ನು ಬರೆಯಬೇಕು. ಜುಲೈ ಕೊನೆಯ ವಾರಕ್ಕೆ ಟಿಕೆಟ್ ಆಗಿದೆ.