ಕೆಂಪಕ್ಕಿ ಗದ್ದೆಯಲ್ಲಿ ತೆನೆ ನೋಡಿ ಬೀಜ ಆರಿಸುವ ಬಗೆ

ಬಿಳಿ ಅಕ್ಕಿ ಬೆಳೆಯುವ ಕಡೆ ಕಳೆಭತ್ತ (ಬೆಳೆಯ ನಡುವೆ ತಾನೇ ಹುಟ್ಟಿ ಕಾಳು ಉದುರಿಸುವ ಭತ್ತ) ಸುಲಭವಾಗಿ ಸಿಕ್ಕಿಬೀಳುತ್ತದೆ. ಸಿಪ್ಪೆ ಸುಲಿದಾಗ ಕಾಳು ಕೆಂಪಿದ್ದರೆ ಅನುಮಾನ ಬಂತು ಎಂದೇ ಅರ್ಥ. ಉಡುಪಿಯಲ್ಲಿ ಈ ಉಪಾಯ ನಡೆಯುವುದಿಲ್ಲ, ಏಕೆಂದರೆ ನಮ್ಮ ಎಂಒ-4 ಭತ್ತದ ಅಕ್ಕಿಯೇ ಕೆಂಪು. ಏಳನೇ ವರ್ಣತಂತುವಿನ ಆರ್‌ಸಿ ಎಂಬ ಜೀನಿನಲ್ಲಿ ಡಿಎನ್‌ಎಯ 14 ಅಕ್ಷರ ಕಳಚಿಹೋದದ್ದರಿಂದ ಹೆಚ್ಚಿನ ಬಿಳಿ ಅಕ್ಕಿ ತಳಿಗಳು ಬಂದವು. ಕೆಂಪು ತಳಿಗಳಲ್ಲಿ ಆ ಜೀನು ಕಾಡುಭತ್ತದಲ್ಲಿರುವಂತೆ ಕೆಲಸ ಮಾಡುತ್ತಲೇ ಇದೆ. ಆದ್ದರಿಂದ ನಾನು ನಂಬುವುದು ತೆನೆಯ ಆಕಾರವನ್ನು.

ಏಣೆಲು (ಮುಂಗಾರು) ಬೆಳೆಯಲ್ಲಿ ಮೊದಲ ಸುತ್ತು ತೆನೆಹಬ್ಬದ ಆಸುಪಾಸು. ಉಳಿದ ತೆನೆಗಳು ಬಾಗುವ ಮುಂಚೆಯೇ ಕವಲು ಹರಡಿಕೊಂಡು, ಕಾಳಿನ ತುದಿಗೆ ಉದ್ದ ಮೀಸೆ ಬಿಟ್ಟು ನಿಂತ ಗಿಡವನ್ನು ಬುಡಸಮೇತ ಕಿತ್ತು ಗೋಣಿಯೊಳಗೆ ಹಾಕುತ್ತೇನೆ. ಹುಣಿಯ (ಗದ್ದೆಯ ಬದುವಿನ) ಮೇಲೆ ಎಸೆದರೆ ಕಾಳು ಅಲ್ಲೇ ಉದುರಿ ಮುಂದಿನ ವರ್ಷ ಅದೇ ಗದ್ದೆಗೆ ಬರುತ್ತದೆ. ಕವಲಿನ ಹರಹನ್ನು ಗಿಡ ನಿಂತಿರುವಾಗಲೇ ನೋಡಬೇಕು. ಕೊಯ್ದು ಒಣಗಿಸಿದ ತೆನೆ ಮುದುಡಿ, ಹರಡಿದ್ದೂ ಒತ್ತಾದದ್ದೂ ಒಂದೇ ಥರ ಕಾಣುತ್ತದೆ.

ನೂರಕ್ಕೆ 80ರಿಂದ 85 ಕಾಳು ಹಣ್ಣಾದಾಗ ಎರಡನೇ ಸುತ್ತು. ಅಂಚಿನ ಎರಡು ಸಾಲು ಬಿಟ್ಟು, ಒಳಗಿನ ಗಿಡಗಳಿಂದ ಮುಖ್ಯ ಹಿಳ್ಳಿನ (ಬುಡದಿಂದ ಎದ್ದ ದಂಟಿನ) ತೆನೆ ಮಾತ್ರ ಕೊಯ್ಯುತ್ತೇನೆ, ಒಟ್ಟು ನೂರು. ಅಂಚಿನ ತೆನೆ ದೊಡ್ಡದಾಗುವುದು ಬಿಸಿಲು, ಗೊಬ್ಬರ ಹೆಚ್ಚು ಸಿಗುವುದರಿಂದ. ಆ ಗುಣ ಬೀಜದಲ್ಲಿ ಇಳಿದು ಬರುವುದಿಲ್ಲ. ಕುತ್ತಿಗೆಯ ಗೆಣ್ಣಿನಿಂದ ತುದಿಯವರೆಗಿನ ಉದ್ದ (ಮೀಸೆ ಬಿಟ್ಟು), ಮೊದಲ ಕವಲುಗಳ ಸಂಖ್ಯೆ, ಕೆಳಗಿನ ಮೂರು ಕವಲುಗಳಲ್ಲಿ ಎಷ್ಟು ಮರಿಕವಲು, ಗಟ್ಟಿಕಾಳು, ಜೊಳ್ಳು: ಇಷ್ಟು ಬರೆದಿಟ್ಟರೆ ಸಾಕು. ಕುತ್ತಿಗೆ ಪೂರ್ತಿ ಹೊರಬರದ ತೆನೆ ಲೆಕ್ಕಕ್ಕಿಲ್ಲ, ಅದು ರೋಗವೋ ನೀರಿನ ಕೊರತೆಯೋ ಆಗಿರಬಹುದು.

ನಾನು ಅತಿ ಹೆಚ್ಚು ನೆಚ್ಚಿಕೊಂಡಿರುವ ಪರೀಕ್ಷೆ ಕಾಳಿನ ಬುಡದ್ದು. ಒಂದು ಕಾಳನ್ನು ತೊಟ್ಟಿನಿಂದ ಎಳೆದು 10 ಪಟ್ಟಿನ ಭೂತಗನ್ನಡಿಯಲ್ಲಿ ನೋಡಿ. ಬೆಳೆಭತ್ತದಲ್ಲಿ ಬುಡ ಹರಿದಂತಿದ್ದು ನಾರಿನ ಚೂರು ಅಂಟಿರುತ್ತದೆ. ಉದುರುವ ಭತ್ತದಲ್ಲಿ ಗುಂಡಗೆ, ನುಣುಪಾದ ಗಾಯದ ಗುರುತು ಇರುತ್ತದೆ, ಅಂಗಿಯಿಂದ ಗುಂಡಿ ಕಳಚಿದಷ್ಟು ಚೊಕ್ಕ. ಕಾಳು ಕಳಚುವ ಪದರ ಪೂರ್ತಿ ರೂಪುಗೊಳ್ಳದಂತೆ ಮಾಡಿದ್ದು ನಾಲ್ಕನೇ ವರ್ಣತಂತುವಿನ ಎಸ್‌ಎಚ್4 ಜೀನಿನ ಒಂದೇ ಅಕ್ಷರದ ಬದಲಾವಣೆ ಎಂದು 2006ರಲ್ಲಿ ತಿಳಿದುಬಂತು. ಗೋಧಿಯ ಕಥೆ ಬೇರೆ. ಕಾಡು ಗೋಧಿಯಲ್ಲಿ ತೆನೆಯ ದಂಡೇ ಗೆಣ್ಣುಗೆಣ್ಣಿಗೆ ಮುರಿಯುತ್ತದೆ. ಅಲ್ಲಿ ಕವಲೂ ಇಲ್ಲ, ದಂಡಿನ ಗೆಣ್ಣುಗಳ ಅಂತರ ಹತ್ತಿರವಾದರೆ ತೆನೆ ಒತ್ತಾಗುತ್ತದೆ. ಹಾಗಾಗಿ ಗೋಧಿಯ ತೆನೆಯಲ್ಲಿ ನೋಡುವ ಅಂಶಗಳ ಪಟ್ಟಿಯನ್ನು ಹಾಗೇ ತಂದು ಭತ್ತ ಅಳೆಯಲು ಹೋಗಬಾರದು.

ನೂರರಲ್ಲಿ ಒಂದೇ ಥರದ 30 ತೆನೆ ಉಳಿಸಿ, ಒಂದೊಂದನ್ನೂ ಬೇರೆ ಬಟ್ಟೆಚೀಲದಲ್ಲಿ ಒಣಗಿಸುತ್ತೇನೆ. ಪ್ಲಾಸ್ಟಿಕ್ಕಿನಲ್ಲಿ ಕರಾವಳಿಯ ತೇವಕ್ಕೆ ಬೂಸ್ಟು ಬರುತ್ತದೆ. ಮುಂದಿನ ಬೆಳೆಗೆ ತೆನೆಗೊಂದು ಸಾಲು, ಸಾಲಿಗೆ 20 ಗುಣಿ, ಗುಣಿಗೆ ಒಂದೇ ನೇಜಿ (ಸಸಿ), 20×15 ಸೆಂ.ಮೀ. ಅಂತರ. ಗುಣಿಗೆ ಎರಡು ನೇಜಿ ನೆಟ್ಟರೆ ಯಾವ ತೆನೆ ಯಾವುದರದ್ದೆಂದು ತಿಳಿಯದೆ ಇಡೀ ಶ್ರಮ ಹಾಳು. ಭತ್ತದಲ್ಲಿ ಪರಪರಾಗ ಸೇರುವುದು ಸಾಮಾನ್ಯವಾಗಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೂ ಒಂದು ಸಾಲಿನೊಳಗೆ ಕೆಲವು ಗಿಡಕ್ಕೆ ಮೀಸೆ, ಕೆಲವಕ್ಕೆ ಇಲ್ಲ ಎಂದಾದರೆ ಅದರ ತಾಯಿಗಿಡ ಬೆರಕೆ. ಮೀಸೆಗೆ ಒಂದಕ್ಕಿಂತ ಹೆಚ್ಚು ಜೀನುಗಳಿರುವುದರಿಂದ ಮೂರು ಗಿಡಕ್ಕೆ ಒಂದು ಥರ, ಒಂದಕ್ಕೆ ಇನ್ನೊಂದು ಥರ ಎಂಬ 3:1 ಲೆಕ್ಕಕ್ಕೆ ಕಾಯಬೇಡಿ, ಒಂದು ಗಿಡ ಬೇರೆಯಾದರೂ ಆ ಸಾಲನ್ನೇ ಬಿಡಿ. ಗಿಡ ಮಾತ್ರ ಕಿತ್ತು ಸಾಲು ಉಳಿಸಿಕೊಂಡರೆ ದೋಷ ಅಡಗಿಕೊಂಡು ಮುಂದುವರಿಯುತ್ತದೆ.

ಮಣ್ಣಲ್ಲಿ ಉದುರಿದ ಕಾಳು ಒಂದೇ ವರ್ಷದಲ್ಲಿ ಎಲ್ಲ ಮೊಳೆಯುವುದಿಲ್ಲ. ಹಾಗಾಗಿ ಬೇಸಿಗೆ ಮಳೆ ಬಿದ್ದ ಮೇಲೆ ಹಗುರವಾಗಿ ಉತ್ತು, ಎದ್ದ ಮೊಳಕೆಯನ್ನು ಎರಡು ವಾರ ಬಿಟ್ಟು ಮತ್ತೆ ಉತ್ತು ಮುಚ್ಚಿ, ಗದ್ದೆಯಲ್ಲಿ ನೀರು ಕಟ್ಟಿ ನಿಲ್ಲಿಸಿದ ಮೇಲೆಯೇ ನೇಜಿ ನೆಡುತ್ತೇನೆ. ನೇರ ಬಿತ್ತನೆ ಮಾಡಿದ ಗದ್ದೆಯಿಂದ ಬೀಜದ ತೆನೆ ಆರಿಸುವುದಿಲ್ಲ. ಅಲ್ಲಿ ಮೊಳಕೆಯ ಹಂತದಲ್ಲಿ ಕಳೆಭತ್ತ ಯಾವುದು, ಬೆಳೆ ಯಾವುದು ಎಂದು ಕಣ್ಣಿಗೆ ತಿಳಿಯುವುದೇ ಇಲ್ಲ.