ಮಾಲ್ಗುಡಿ ನೋಡೋಕೆ ಹೋದವರು ಆಗುಂಬೆಯಿಂದಲೇ ವಾಪಸ್ ಬರಬೇಡಿ

ಬೆಂಗಳೂರಿನಿಂದ ಆಗುಂಬೆಗೆ ಸುಮಾರು 350 ಕಿಲೋಮೀಟರ್. ಕಾರು ಬೇಡ ಅಂತ ನಾನು, ನನ್ನ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದೆವು. ಶುಕ್ರವಾರ ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಮಲಗಿದೆವು, ಎದ್ದಾಗ ತೀರ್ಥಹಳ್ಳಿ. ಅಲ್ಲೇ ತಿಂಡಿ ಮುಗಿಸಿ ಆಗುಂಬೆ ಕಡೆಯ ಬಸ್ ಹಿಡಿದೆವು.

ಶಂಕರ್‌ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕೆ, ಆರ್.ಕೆ. ನಾರಾಯಣ್ ಅವರ ಕಾಲ್ಪನಿಕ ಊರು ಮಾಲ್ಗುಡಿಯ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯಾಗಿ ತೆಗೆದ ಊರು ಇದು. ಈಗ ಹೋದರೆ ಸೆಟ್ಟು ಗಿಟ್ಟು ಏನೂ ಇಲ್ಲ. ಒಂದು ಪುಟ್ಟ ಪೇಟೆ, ನಾಲ್ಕು ಅಂಗಡಿ, ಹಂಚಿನ ಮನೆಗಳು ಅಷ್ಟೇ. ನೋಡಬೇಕಾದ್ದು ಧಾರಾವಾಹಿಯ ಹುಡುಗ ಸ್ವಾಮಿಯ ಮನೆಯಾಗಿ ಕಾಣಿಸಿಕೊಂಡ ದೊಡ್ಡಮನೆ. ನೂರು ವರ್ಷ ದಾಟಿದ ತೊಟ್ಟಿಮನೆ. ಮರದ ಕಂಬಗಳು ಕೈ ತಾಗಿ ತಾಗಿ ನುಣುಪಾಗಿವೆ, ನಡುವಿನ ಅಂಗಳಕ್ಕೆ ಮೇಲಿಂದ ಬಿಸಿಲು ಬೀಳುತ್ತದೆ, ಸುತ್ತ ಜಗುಲಿ. ಆದರೆ ಅದು ಜನ ವಾಸವಿರುವ ಮನೆ ಕಣ್ರೀ, ಮ್ಯೂಸಿಯಂ ಅಲ್ಲ! ನಾವು ಹೊರಗೇ ನಿಂತು "ಅಮ್ಮಾ, ಒಳಗೆ ಬರಬಹುದಾ?" ಅಂತ ಕೇಳಿ, ಚಪ್ಪಲಿ ಬಿಟ್ಟು ಹೋದೆವು. ಕುಡಿಯೋಕೆ ಬಿಸಿ ಕಷಾಯ ಸಿಕ್ಕಿತು. ನಮ್ಮ ಹಿಂದೆಯೇ ಬಂದ ಒಂದು ಗುಂಪು ಶೂ ಹಾಕಿಕೊಂಡೇ ಜಗುಲಿ ಹತ್ತಿ ರೀಲ್ಸ್ ಮಾಡೋಕೆ ಶುರು ಮಾಡಿತು, ನಮಗೇ ನಾಚಿಕೆಯಾಯಿತು.

ಸಂಜೆ ಸೂರ್ಯಾಸ್ತದ ಜಾಗಕ್ಕೆ ಹೋದೆವು. ಮೋಡವಿಲ್ಲದಿದ್ದರೆ ದೂರದ ಅರಬ್ಬಿ ಸಮುದ್ರದ ಕಡೆ ಸೂರ್ಯ ಇಳಿಯುವುದು ಕಾಣುತ್ತದೆ, ಅದಕ್ಕೇ ನಾವು ಡಿಸೆಂಬರ್ ಆರಿಸಿಕೊಂಡಿದ್ದು. ಮಳೆ ನೋಡಬೇಕು ಅನ್ನುವವರು ಜುಲೈನಲ್ಲಿ ಹೋಗಿ, ರಕ್ತ ಹೀರುವ ಇಂಬಳಕ್ಕೆ ಉಪ್ಪು ಜೇಬಲ್ಲಿರಲಿ.

ಹೆಚ್ಚಿನವರು ಇಷ್ಟಕ್ಕೇ ಮಾಲ್ಗುಡಿ ಮುಗೀತು ಅಂದುಕೊಂಡು ಹೊರಡುತ್ತಾರೆ. ಧಾರಾವಾಹಿಯ ರೈಲ್ವೆ ಸ್ಟೇಷನ್ ಇರೋದು ಆಗುಂಬೆಯಲ್ಲಲ್ಲ, ಆಗುಂಬೆಗೆ ರೈಲೇ ಇಲ್ಲ ಅಲ್ವಾ! ಅದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು, ರಿಪ್ಪನ್‌ಪೇಟೆ ಹತ್ತಿರ. ಮರುದಿನ ತೀರ್ಥಹಳ್ಳಿಗೆ ವಾಪಸ್ ಬಂದು ರಿಪ್ಪನ್‌ಪೇಟೆ ಬಸ್ ಹತ್ತಿ, ಅಲ್ಲಿಂದ ಆಟೋದಲ್ಲಿ ಹೋದೆವು. ಹಾಳುಬಿದ್ದಿದ್ದ ಹಳೇ ಸ್ಟೇಷನ್ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿಸಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಧಾರಾವಾಹಿಗೆ ಕಲಾ ನಿರ್ದೇಶನ ಮಾಡಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈ ಹಾಕಿದ್ದು. ಪಕ್ಕದಲ್ಲೇ ಹಳೇ ಕಾಲದ ರೈಲು ಬೋಗಿಯೊಂದನ್ನು ಚಹಾ ಅಂಗಡಿಯಾಗಿ ಮಾಡಿದ್ದಾರೆ. ನನಗಂತೂ ದೊಡ್ಡಮನೆಗಿಂತ ಇದೇ ಜಾಸ್ತಿ ಹಿಡಿಸಿತು. ಇಲ್ಲಿ ಯಾರ ಮನೆಗೂ ತೊಂದರೆ ಕೊಡದೆ ಎಷ್ಟು ಹೊತ್ತು ಬೇಕಾದರೂ ಕೂರಬಹುದು.

ವಾಪಸ್ ಬರೋಕೆ ಶಿವಮೊಗ್ಗದಿಂದ ರಾತ್ರಿ ಬಸ್ಸುಗಳು ಬೇಕಾದಷ್ಟಿವೆ. ಅರಸಾಳಿನಿಂದ ಶಿವಮೊಗ್ಗಕ್ಕೆ ಬಸ್ ಯಾವಾಗ ಅಂತ ಮಾತ್ರ ಬರುವಾಗಲೇ ಆಟೋದವರ ಹತ್ತಿರ ವಿಚಾರಿಸಿಕೊಳ್ಳಿ.