7 ರೂಪಾಯಿ 11 ಪೈಸೆಯ ಲೆಕ್ಕ ನಾನು ಬಿಡಿಸಿದ್ದು ಹೀಗೆ

ಗಂಗಾವತಿಯ ಭತ್ತದ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಅಕ್ಕನ ಮಗ ಒಂದು ಒಗಟು ತಂದ. ನಾಲ್ಕು ಸಾಮಾನು. ಅಂಗಡಿಯವನು ಬೆಲೆಗಳನ್ನು ಕೂಡುವ ಬದಲು ಗುಣಿಸಿಬಿಟ್ಟ, 7.11 ಬಂತು. ಕೂಡಿ ನೋಡಿದರೂ 7.11! ಒಂದೊಂದರ ಬೆಲೆ ಎಷ್ಟು? ಇದು ಅಸಲಿಗೆ ಡಾಲರಿನ ಲೆಕ್ಕ, ಸೆವೆನ್-ಇಲೆವೆನ್ ಅಂಗಡಿಯ ಹೆಸರಿಗೆ ಹೊಂದಿಸಿದ್ದು. ನಾವು ರೂಪಾಯಿ ಮಾಡಿಕೊಂಡೆವು. ನಾಲ್ಕಾಣೆ ನಾಣ್ಯವೇ 2011ರ ಜೂನ್‌ಗೆ ಹೋಯಿತು, ಇನ್ನು 11 ಪೈಸೆ ಕೊಡೋರು ಯಾರು ಅನ್ನಬೇಡಿ.

"ಮಾವ, ಒಂದೊಂದೇ ಹಾಕಿ ನೋಡೋಣೇನು?" ಅಂದ. ಹಾಗೆ ಹೊರಟರೆ ಬೆಳಗಾದರೂ ಮುಗಿಯಲ್ಲ.

ಮೊದಲು ಎಲ್ಲವನ್ನೂ ಪೈಸೆಗೆ ತಂದೆ. ಮೊತ್ತ 711. ನಾಲ್ಕು ಬೆಲೆಯೂ ನೂರು ಪಟ್ಟಾಗಿದ್ದರಿಂದ ಗುಣಲಬ್ಧ 71,10,00,000. ಕೀಲಿ ಇರುವುದು 711ರಲ್ಲೇ. ಅದು 9 ಗುಣಿಸು 79. 79 ಅವಿಭಾಜ್ಯ, ಒಡೆಯಲು ಬರಲ್ಲ. ಅಂದಮೇಲೆ ಒಂದು ಬೆಲೆ 79ರ ಮಗ್ಗಿಯಲ್ಲೇ ಇರಬೇಕು, ಅಲ್ವಾ?

79ರ ಐದರಷ್ಟು, ಅಂದರೆ 395 ಅಂತ ಹಿಡಿದರೆ ಉಳಿದ ಮೂರರ ಮೊತ್ತ 316, ಗುಣಲಬ್ಧ 18 ಲಕ್ಷ ಆಗಬೇಕು. ಸಮವಾಗಿ ಹಂಚಿದಾಗಲೇ ಗುಣಲಬ್ಧ ಜಾಸ್ತಿ ಬರುವುದು, ಆಗಲೂ 12 ಲಕ್ಷ ಮುಟ್ಟಲ್ಲ. ಮುಂದಿನವೂ ಹಾಗೇ ಬಿದ್ದುಹೋದವು. ಉಳಿದದ್ದು 79, 158, 237, 316.

ಇಲ್ಲಿ ನೆರವಿಗೆ ಬಂದದ್ದು 5. ಗುಣಲಬ್ಧದಲ್ಲಿ 5 ಆರು ಸಲ ಇದೆ. ಮೊದಲ ಮೂರರಲ್ಲಿ ಉಳಿಯುವ ಮೊತ್ತ 632, 553, 474. ಯಾವುದೂ 5ರಿಂದ ಭಾಗ ಹೋಗಲ್ಲ. ಹಾಗಾಗಿ ಒಂದು ಬೆಲೆಯಲ್ಲಿ 5 ಇಲ್ಲವೇ ಇಲ್ಲ, ಆರು 5ಗಳೂ ಉಳಿದೆರಡರಲ್ಲಿ ಮೂರು ಮೂರಾಗಿ ಸೇರಬೇಕು (ಒಂದರಲ್ಲೇ ನಾಲ್ಕಾದರೆ 625, ತೀರಾ ದೊಡ್ಡದು), ಅಂದರೆ ಎರಡೂ 125ರ ಮಗ್ಗಿಯವು. ಅಂಥ ಜೋಡಿಗಳು ಕೆಲವೇ. 237ಕ್ಕೆ 125, 250, 96 ಹಾಕಿದೆ. ಗುಣಲಬ್ಧ ಸರಿ, ಮೊತ್ತ 708. ಮೂರೇ ಪೈಸೆ ಕಡಿಮೆ! ಮಿಕ್ಕ ಜೋಡಿಗಳೂ ಕೂಡಿಬರಲಿಲ್ಲ.

ಕೊನೆಗೆ 316. ಉಳಿದ ಮೊತ್ತ 395, ಗುಣಲಬ್ಧ 22,50,000. 125, 125, 144 ಹಾಕಿದರೆ ಒಂದು ಪೈಸೆ ಕಡಿಮೆ. ಮೈಯೆಲ್ಲ ಉರಿಯಿತು. ಆದರೆ 395ರಲ್ಲಿ 5 ಇದೆಯಲ್ಲ, ಹಾಗಾದರೆ ಮೂರರಲ್ಲೂ 5 ಇರಲೇಬೇಕು. ಎಲ್ಲವನ್ನೂ 5ರಿಂದ ಭಾಗಿಸಿದೆ. ಮೊತ್ತ 79, ಗುಣಲಬ್ಧ 18,000. 79ರಲ್ಲಿ 5 ಇಲ್ಲ, ಅಂದರೆ ಉಳಿದ ಮೂರು 5ಗಳು ಎರಡೇ ಸಂಖ್ಯೆಯಲ್ಲಿ ಸೇರಬೇಕು, ಒಂದು 25ರ ಮಗ್ಗಿಯದ್ದು. 50, 75 ದೊಡ್ಡವಾದವು. 25 ಇಟ್ಟರೆ ಉಳಿದೆರಡರ ಮೊತ್ತ 54, ಗುಣಲಬ್ಧ 720. ಅದು 24 ಮತ್ತು 30.

ಮತ್ತೆ 5ರಿಂದ ಗುಣಿಸಿದೆ. 1.20, 1.25, 1.50, 3.16. ಬೇರೆ ಉತ್ತರವಿಲ್ಲ. ತಾಳೆ ನೋಡಲು ಕ್ಯಾಲ್ಕುಲೇಟರೂ ಬೇಡ: 1.20 ಗುಣಿಸು 1.25 ಅಂದರೆ 1.50, ಅದನ್ನು 1.50ರಿಂದ ಗುಣಿಸಿದರೆ 2.25, ಮತ್ತೆ 3.16ರಿಂದ ಗುಣಿಸಿದರೆ 7.11.